ಮುಚ್ಚಿದ ಶಾಲೆ, ಮಗಳ ಕಾದಂಬರಿ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಉಪಾಧ್ಯಾಯರಲ್ಲಿ ಹೆಚ್ಚಿನವರು ಓದುಗರ ನೆನಪಿನಲ್ಲಿ ಉಳಿದಿರುವುದು ಅವರ ಕ್ರೌರ್ಯಕ್ಕಾಗಿ, ಇಲ್ಲವೇ ಅವರ ಶುಷ್ಕತನಕ್ಕಾಗಿ. ಚಾರ್ಲ್ಸ್ ಡಿಕನ್ಸನು ‘ನಿಕೊಲಾಸ್ ನಿಕಲ್ಬಿ’ಯಲ್ಲಿ ಚಿತ್ರಿಸಿದ ಸ್ಕ್ವೀರ್ಸ್ ಮಕ್ಕಳನ್ನು ಉಪವಾಸ ಕೆಡವಿ ಹೊಡೆಯುವ ವ್ಯಾಪಾರಿ, ‘ಹಾರ್ಡ್ ಟೈಮ್ಸ್’ನ ಗ್ರಾಡ್‌ಗ್ರೈಂಡ್ ಮಕ್ಕಳ ತಲೆಯನ್ನು ಬರಿಯ ಅಂಕಿ ಅಂಶಗಳನ್ನು ಸುರಿಯುವ ಪಾತ್ರೆಯೆಂದು ಬಗೆದವನು. ಇಂಥವರ ನಡುವೆ, 1871ರಲ್ಲಿ ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಪ್ರಕಟಿಸಿದ ‘ಲಿಟಲ್ ಮೆನ್’ ಎಂಬ ಕಾದಂಬರಿಯಲ್ಲಿ ಬರುವ ಪ್ಲಮ್‌ಫೀಲ್ಡ್ ಎಂಬ ಶಾಲೆ ಮತ್ತು ಅದನ್ನು ನಡೆಸುವ ಪ್ರೊಫೆಸರ್ ಬೇಯರ್ ಎಂಬ ಉಪಾಧ್ಯಾಯ ಬೇರೆಯೇ ಜಾತಿಗೆ ಸೇರಿದವರು. ಅಲ್ಲಿ ಮಕ್ಕಳು ಪಾಠದ ಜೊತೆಗೆ ತೋಟ ಮಾಡುತ್ತಾರೆ, ಕೋಳಿ ಸಾಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ಶನಿವಾರದ ರಾತ್ರಿ ಒಪ್ಪಿಗೆ ಪಡೆದೇ ದಿಂಬುಗಳಿಂದ ಬಡಿದಾಡಿಕೊಳ್ಳುತ್ತಾರೆ. ಉಪಾಧ್ಯಾಯನು ಅವರನ್ನು ಹೊಡೆಯುವುದಕ್ಕೆ ಬದಲಾಗಿ ಅವರೊಡನೆ ಮಾತನಾಡುತ್ತಾನೆ.

ಈ ಶಾಲೆ ಲೇಖಕಿಯ ಕಲ್ಪನೆಯಲ್ಲಿ ಏಕಾಏಕಿ ಹುಟ್ಟಿದ್ದಲ್ಲ. ಅದರ ಮೂಲ ಅವಳ ಮನೆಯಲ್ಲೇ ಇತ್ತು. ಲೂಯಿಸಾಳ ತಂದೆ ಏಮಸ್ ಬ್ರಾನ್ಸನ್ ಆಲ್ಕಾಟ್ ವೃತ್ತಿಯಿಂದ ಉಪಾಧ್ಯಾಯ, ಸ್ವಭಾವದಿಂದ ದಾರ್ಶನಿಕ, ಲೌಕಿಕದ ಲೆಕ್ಕದಲ್ಲಿ ಮೇಲಿಂದ ಮೇಲೆ ಸೋತವನು. ಅವನು ತೆರೆದ ಶಾಲೆಗಳು ಒಂದೊಂದಾಗಿ ಮುಚ್ಚಿಹೋದವು; ಅವನ ಬೋಧನಾ ಕ್ರಮವನ್ನು ಬಾಸ್ಟನ್ ನಗರದ ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಆ ಶಾಲೆಗಳಲ್ಲಿ ನಡೆದ ಪಾಠ ಮೂರೂವರೆ ದಶಕಗಳ ನಂತರ ಮಗಳ ಕಾದಂಬರಿಯ ಮೂಲಕ ಸಾವಿರಾರು ಮನೆಗಳನ್ನು ಹೊಕ್ಕಿತು. ಮನೆಯ ಪ್ರೀತಿಪಾತ್ರ ಉಪಾಧ್ಯಾಯನೊಬ್ಬ ಕಥೆಯ ಪಾತ್ರವಾಗುವುದು ಸಾಹಿತ್ಯದಲ್ಲಿ ಅಪರೂಪವೇನಲ್ಲ. ಆದರೆ ಹಾಗೆ ಪಾತ್ರವಾಗುವಾಗ ವ್ಯಕ್ತಿಯ ಯಾವ ಅಂಶ ಉಳಿಯುತ್ತದೆ, ಯಾವುದು ಬಿಟ್ಟುಹೋಗುತ್ತದೆ, ಯಾವುದನ್ನು ಲೇಖಕಿ ತಿದ್ದುತ್ತಾಳೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಬಹುದಾದ ಉದಾಹರಣೆಗಳು ಹೆಚ್ಚಿಲ್ಲ, ಏಕೆಂದರೆ ತಂದೆಯ ಶಾಲೆಯ ದಿನಚರಿಯೂ ಮಗಳ ಕಾದಂಬರಿಯೂ ಅಚ್ಚಾಗಿ ಎರಡೂ ಇಂದಿಗೂ ಕೈಗೆ ಸಿಗುತ್ತವೆ.

ಬ್ರಾನ್ಸನ್ ಹುಟ್ಟಿದ್ದು 1799ರ ನವೆಂಬರ್ 29ರಂದು, ಕನೆಕ್ಟಿಕಟ್ ಪ್ರಾಂತ್ಯದ ವೋಲ್ಕಾಟ್ ಎಂಬ ಊರಿನ ಬಡ ರೈತ ಕುಟುಂಬದಲ್ಲಿ. ಹೇಳಿಕೊಳ್ಳುವಂಥ ಶಾಲಾ ವಿದ್ಯಾಭ್ಯಾಸ ಅವನಿಗೆ ದೊರೆಯಲಿಲ್ಲ. ಯೌವನದಲ್ಲಿ ದಕ್ಷಿಣದ ವರ್ಜೀನಿಯಾ ಕಡೆಗೆ ಹೋಗಿ, ಬೆನ್ನಿಗೆ ಗಂಟು ಕಟ್ಟಿಕೊಂಡು ಮನೆಯಿಂದ ಮನೆಗೆ ಸಣ್ಣಪುಟ್ಟ ಸಾಮಾನು ಮಾರಿದನು. ಮಾರಿದ್ದಕ್ಕಿಂತ ಹೆಚ್ಚಾಗಿ ಅಲ್ಲಿನ ಶ್ರೀಮಂತರ ಮನೆಗಳ ಪುಸ್ತಕಗಳನ್ನು ಓದಿದನು ಎನ್ನಬೇಕು, ಏಕೆಂದರೆ ಆ ವ್ಯಾಪಾರದಿಂದ ಉಳಿದದ್ದು ಸಾಲ. ಅನಂತರ ಉಪಾಧ್ಯಾಯ ವೃತ್ತಿಗೆ ಬಂದ ಅವನು ಚೆಷೈರ್ ಎಂಬ ಊರಿನ ಶಾಲೆಯಲ್ಲಿ ಮಾಡಿದ ಮೊದಲ ಬದಲಾವಣೆಗಳು ಇಂದಿನ ಓದುಗರಿಗೆ ತೀರ ಸಾಮಾನ್ಯವೆನಿಸಬಹುದು: ಮಕ್ಕಳು ಒತ್ತಾಗಿ ಕೂರುತ್ತಿದ್ದ ಉದ್ದನೆಯ ಬೆಂಚುಗಳನ್ನು ತೆಗೆಸಿ ಒಬ್ಬೊಬ್ಬರಿಗೂ ಬೆನ್ನಿಗೆ ಆಸರೆಯಿರುವ ಬೇರೆ ಬೇರೆ ಮೇಜು ಮಾಡಿಸಿದನು, ಶಾಲೆಗೊಂದು ಪುಟ್ಟ ಗ್ರಂಥಾಲಯ ಕಟ್ಟಿದನು, ಪಾಠದ ನಡುವೆ ಆಟಕ್ಕೂ ವ್ಯಾಯಾಮಕ್ಕೂ ಹೊತ್ತು ಕೊಟ್ಟನು. ಆ ಕಾಲದಲ್ಲಿ ಪಾಠವೆಂದರೆ ಬಾಯಿಪಾಠ, ಶಿಸ್ತು ಎಂದರೆ ಬೆತ್ತ. ಊರಿನ ಹಿರಿಯರಿಗೆ ಈ ಹೊಸತನ ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಅಲ್ಲಿಂದ ಹೊರಡಬೇಕಾಯಿತು.

ಅವನ ವಿಚಾರಗಳಿಗೆ ಹತ್ತಿರದ ಸೆಲೆಯೊಂದು ಸ್ವಿಟ್ಜರ್‌ಲೆಂಡಿನ ಶಿಕ್ಷಣ ಚಿಂತಕ ಪೆಸ್ಟಲೋಜಿಯದು. ಮಗುವಿಗೆ ಮೊದಲು ವಸ್ತುವನ್ನು ತೋರಿಸಬೇಕು, ಮುಟ್ಟಿಸಬೇಕು, ಅದರ ಬಗ್ಗೆ ಮಾತನಾಡಿಸಬೇಕು, ಸೂತ್ರವನ್ನೂ ನಿಯಮವನ್ನೂ ಆಮೇಲೆ ಹೇಳಬೇಕು ಎಂಬುದು ಪೆಸ್ಟಲೋಜಿಯ ಪದ್ಧತಿಯ ತಿರುಳು. ಬ್ರಾನ್ಸನ್ ಇದಕ್ಕೆ ತನ್ನದೇ ಆದ ಆಧ್ಯಾತ್ಮಿಕ ನಂಬಿಕೆಯೊಂದನ್ನು ಸೇರಿಸಿದನು. ಎಮರ್ಸನ್, ಥೋರೋ ಮೊದಲಾದ ಅವನ ಗೆಳೆಯರ ಬಳಗವನ್ನು ಅಮೆರಿಕದ ಚರಿತ್ರೆಯಲ್ಲಿ ಟ್ರಾನ್ಸೆಂಡೆಂಟಲಿಸ್ಟರು ಎಂದು ಕರೆಯುತ್ತಾರೆ. ಇಂದ್ರಿಯಗಳಿಗೂ ತರ್ಕಕ್ಕೂ ಎಟುಕದ ಸತ್ಯವನ್ನು ಪ್ರತಿಯೊಬ್ಬ ಮನುಷ್ಯನೂ ತನ್ನ ಒಳಗಿನಿಂದಲೇ ಕಾಣಬಲ್ಲನು ಎಂಬುದು ಈ ಬಳಗದ ಮೂಲ ನಂಬಿಕೆ. ಹಿರಿಯರಲ್ಲಿ ಇರುವ ಈ ಶಕ್ತಿ ಮಕ್ಕಳಲ್ಲಿ ಇನ್ನೂ ಕೆಡದೆ ಇರುತ್ತದೆಯೆಂದು ಬ್ರಾನ್ಸನ್ ವಾದಿಸಿದನು. ಹಾಗಾಗಿ ಅವನ ದೃಷ್ಟಿಯಲ್ಲಿ ಉಪಾಧ್ಯಾಯನ ಕೆಲಸ ಮಗುವಿನೊಳಕ್ಕೆ ಏನನ್ನಾದರೂ ತುಂಬುವುದಲ್ಲ, ಒಳಗೆ ಇರುವುದನ್ನು ಪ್ರಶ್ನೆಗಳ ಮೂಲಕ ಹೊರಗೆ ಬರಮಾಡುವುದು. ಈ ಬಳಗ ಭಗವದ್ಗೀತೆಯನ್ನು ಆಸಕ್ತಿಯಿಂದ ಓದಿದ ಬಳಗವೂ ಹೌದು. ಬುದ್ಧನ ಜೀವನವನ್ನು ಕುರಿತು ಎಡ್ವಿನ್ ಆರ್ನಾಲ್ಡ್ ಬರೆದ ‘ದಿ ಲೈಟ್ ಆಫ್ ಏಷ್ಯಾ’ ಎಂಬ ಕಾವ್ಯ 1879ರಲ್ಲಿ ಅಮೆರಿಕದಲ್ಲಿ ಅಚ್ಚಾಗುವುದಕ್ಕೆ ಮುಂದೆ ನಿಂತವರಲ್ಲಿ ಬ್ರಾನ್ಸನ್ ಒಬ್ಬನು, ಮತ್ತು ಅದನ್ನು ಪ್ರಕಟಿಸಿದವರು ಅವನ ಮಗಳ ಪ್ರಕಾಶಕರಾದ ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್.

ಬ್ರಾನ್ಸನ್ನನ ಹೆಸರು ಮುಖ್ಯವಾಗಿ ಅಂಟಿಕೊಂಡಿರುವುದು ಟೆಂಪಲ್ ಸ್ಕೂಲ್ ಎಂಬ ಶಾಲೆಗೆ. ಬಾಸ್ಟನ್ನಿನ ಮೇಸಾನಿಕ್ ಟೆಂಪಲ್ ಎಂಬ ಕಟ್ಟಡದಲ್ಲಿ 1834ರ ಸೆಪ್ಟೆಂಬರಿನಲ್ಲಿ ಸುಮಾರು ಮೂವತ್ತು ಮಕ್ಕಳೊಂದಿಗೆ ಆರಂಭವಾದ ಈ ಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯುತ್ತಿದ್ದರು. ಕೋಣೆಯ ನಾಲ್ಕು ಮೂಲೆಗಳಲ್ಲಿ ಸಾಕ್ರಟೀಸ್, ಶೇಕ್ಸ್‌ಪಿಯರ್, ಮಿಲ್ಟನ್ ಮತ್ತು ಸ್ಕಾಟರ ಎದೆಮಟ್ಟದ ಪ್ರತಿಮೆಗಳಿದ್ದವು. ಸಂವಾದದ ಹೊತ್ತಿಗೆ ಮಕ್ಕಳು ಉಪಾಧ್ಯಾಯನ ಎದುರು ಅರ್ಧವೃತ್ತಾಕಾರವಾಗಿ ಕೂರುತ್ತಿದ್ದರು. ಅವನು ಒಂದು ಶಬ್ದವನ್ನೋ ಒಂದು ಕಥೆಯನ್ನೋ ಎತ್ತಿಕೊಂಡು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತಾ ಹೋಗುತ್ತಿದ್ದನು. ಪ್ರತಿಯೊಂದು ಮಗುವೂ ದಿನಚರಿ ಬರೆಯಬೇಕಿತ್ತು. ಇದೆಲ್ಲ ನಮಗೆ ತಿಳಿದಿರುವುದು ಅವನ ಸಹೋದ್ಯೋಗಿ ಎಲಿಜಬೆತ್ ಪೀಬಡಿಯಿಂದ. ತರಗತಿಯಲ್ಲಿ ಕುಳಿತು ಆಕೆ ಬರೆದುಕೊಂಡ ಟಿಪ್ಪಣಿಗಳು 1835ರಲ್ಲಿ ‘ರೆಕಾರ್ಡ್ ಆಫ್ ಎ ಸ್ಕೂಲ್’ ಎಂಬ ಹೆಸರಿನ ಪುಸ್ತಕವಾಗಿ ಬಂದವು. ಮುಂದೆ ಅಮೆರಿಕದಲ್ಲಿ ಶಿಶುವಿಹಾರಗಳ ಚಳವಳಿಯನ್ನು ಬೆಳೆಸಿದವಳು ಇದೇ ಪೀಬಡಿ.

ಆ ಪುಸ್ತಕದಲ್ಲಿ ವರ್ಣಿತವಾದ ಒಂದು ಶಿಕ್ಷಾಕ್ರಮ ಈ ಕಥೆಗೆ ಬಹಳ ಮುಖ್ಯ. ಬ್ರಾನ್ಸನ್ ದೈಹಿಕ ಶಿಕ್ಷೆಯನ್ನು ಪೂರ್ತಿಯಾಗಿ ಬಿಟ್ಟವನಲ್ಲ, ಆದರೆ ಆದಷ್ಟು ಕಡಿಮೆ ಮಾಡಿದ್ದನು. ಒಮ್ಮೆ ಅವನು ಆ ಶಿಕ್ಷೆಯನ್ನೇ ತಿರುವುಮುರುವು ಮಾಡಿದನು. ತಪ್ಪು ಮಾಡಿದ ಹುಡುಗರ ಕೈಗೆ ಕೋಲನ್ನು ಕೊಟ್ಟು ತನ್ನ ಅಂಗೈ ಮೇಲೆ ಹೊಡೆಯುವಂತೆ ಹೇಳಿದನು. ತಪ್ಪಿನ ನೋವು ತಪ್ಪು ಮಾಡಿದವನಿಗಷ್ಟೇ ಅಲ್ಲ, ಅವನನ್ನು ಪ್ರೀತಿಸುವವರಿಗೂ ತಟ್ಟುತ್ತದೆ ಎಂಬುದನ್ನು ಮಾತಿನಲ್ಲಿ ಹೇಳದೆ ಅನುಭವಕ್ಕೆ ತರುವುದು ಅವನ ಉದ್ದೇಶ. ಹೊಡೆಸಿಕೊಳ್ಳಲು ಹಿಂಜರಿಯದ ಹುಡುಗರು ಹೊಡೆಯಲು ಹಿಂಜರಿದರು. ಕೊನೆಗೆ ಹೊಡೆದು ಅತ್ತರು.

ಶಾಲೆಯ ಪತನಕ್ಕೆ ಕಾರಣವಾದದ್ದು ಇನ್ನೊಂದು ಪುಸ್ತಕ. ಕ್ರಿಸ್ತನ ಜೀವನ ಕಥೆಯನ್ನು ಕುರಿತು ಮಕ್ಕಳೊಡನೆ ನಡೆಸಿದ ಸಂವಾದಗಳನ್ನು ಬ್ರಾನ್ಸನ್ 1836 ಮತ್ತು 1837ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದನು. ಧರ್ಮಶಾಸ್ತ್ರವನ್ನು ಚಿಕ್ಕ ಮಕ್ಕಳ ಬಾಯಿಂದ ಹೇಳಿಸುವುದೇ ಬಾಸ್ಟನ್ನಿನ ಪಾದ್ರಿಗಳಿಗೆ ಅಪಚಾರವಾಗಿ ಕಂಡಿತು. ಅದರ ಮೇಲೆ ಮಗುವಿನ ಜನನದ ಬಗ್ಗೆಯೂ ಅಲ್ಲಿ ಮಾತು ಬಂದಿತ್ತು. ಇಂದಿನ ಯಾವ ಪಠ್ಯಪುಸ್ತಕಕ್ಕೆ ಹೋಲಿಸಿದರೂ ಆ ಮಾತು ಅತ್ಯಂತ ಸೌಮ್ಯವಾದದ್ದು, ಆದರೂ ಪತ್ರಿಕೆಗಳು ಅದನ್ನು ಅಶ್ಲೀಲವೆಂದು ಸಾರಿದವು. ಅಪಾಯವನ್ನು ಮೊದಲೇ ಗ್ರಹಿಸಿದ ಪೀಬಡಿ ಶಾಲೆ ಬಿಟ್ಟಳು. ಪಾಲಕರು ಮಕ್ಕಳನ್ನು ಬಿಡಿಸಿಕೊಂಡರು. ಶಾಲೆಯ ಪೀಠೋಪಕರಣಗಳೂ ಪುಸ್ತಕಗಳೂ ಹರಾಜಾದವು. ಸಂವಾದ ಸಂಪುಟಗಳ ಮಾರಾಟವಾಗದ ಪ್ರತಿಗಳು ರದ್ದಿ ಕಾಗದದ ಬೆಲೆಗೆ ಹೋದವು. ಹಟ ಬಿಡದ ಬ್ರಾನ್ಸನ್ ಇನ್ನೂ ಚಿಕ್ಕದಾಗಿ ಶಾಲೆಯನ್ನು ಮುಂದುವರಿಸಿ, 1839ರಲ್ಲಿ ಅದಕ್ಕೆ ಆಫ್ರಿಕನ್ ಮೂಲದ ಒಬ್ಬ ಬಾಲಕಿಯನ್ನು ಸೇರಿಸಿಕೊಂಡನು. ಉಳಿದಿದ್ದ ಬಿಳಿಯ ಪಾಲಕರು ಆಕೆಯನ್ನು ತೆಗೆಯಬೇಕೆಂದು ಕೇಳಿದರು, ಅವನು ಒಪ್ಪಲಿಲ್ಲ, ಅವರು ತಮ್ಮ ಮಕ್ಕಳನ್ನು ಕರೆದೊಯ್ದರು. ಅಲ್ಲಿಗೆ ಅವನ ಶಾಲಾ ಜೀವನ ಮುಗಿಯಿತು. ಆಗ ಅವನಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ.

ಮನೆಯಲ್ಲಿ ಮಾತ್ರ ಅವನ ಶಾಲೆ ಮುಚ್ಚಲಿಲ್ಲ. ನಾಲ್ವರು ಹೆಣ್ಣುಮಕ್ಕಳಲ್ಲಿ ಎರಡನೆಯವಳಾದ ಲೂಯಿಸಾ ತಂದೆಯ ಹುಟ್ಟುಹಬ್ಬದ ದಿನವೇ, 1832ರ ನವೆಂಬರ್ 29ರಂದು, ಫಿಲಡೆಲ್ಫಿಯಾ ಬಳಿಯ ಜರ್ಮನ್‌ಟೌನ್‌ನಲ್ಲಿ ಹುಟ್ಟಿದಳು. ಬ್ರಾನ್ಸನ್ ಮೊದಲ ಇಬ್ಬರು ಮಕ್ಕಳ ಬೆಳವಣಿಗೆಯನ್ನು ಹುಟ್ಟಿದಂದಿನಿಂದ ಗಮನಿಸಿ ಪುಟಗಟ್ಟಲೆ ಬರೆದಿಟ್ಟನು. ಮಗು ಯಾವಾಗ ನಕ್ಕಿತು, ಯಾವಾಗ ಹಟ ಹಿಡಿಯಿತು, ಯಾವ ಪ್ರಲೋಭನೆಯನ್ನು ಮೀರಲು ಪ್ರಯತ್ನಿಸಿತು ಎಂಬುದೆಲ್ಲ ಆ ಬರಹಗಳಲ್ಲಿದೆ. ಅಕ್ಷರಮಾಲೆಯನ್ನು ಕಲಿಸುವಾಗ ತನ್ನ ಕೈಕಾಲುಗಳನ್ನು ಬಾಗಿಸಿ ಚಾಚಿ ಅಕ್ಷರಗಳ ಆಕಾರ ಮಾಡಿ ತೋರಿಸುತ್ತಿದ್ದನು. ಹಿರಿಯ ಮಗಳು ಆನಾ ಸೌಮ್ಯಳು, ತಂದೆಯ ಸಿದ್ಧಾಂತಕ್ಕೆ ಒಗ್ಗುವವಳು. ಲೂಯಿಸಾ ಸಿಡುಕಿ, ಓಡಾಡಿ, ಮರ ಹತ್ತುವ ಹುಡುಗಿ, ತಾಯಿಯ ಸ್ವಭಾವದವಳು. ಶಾಂತಿಯನ್ನೇ ಸದ್ಗುಣದ ಅಳತೆಗೋಲಾಗಿ ಮಾಡಿಕೊಂಡಿದ್ದ ತಂದೆಗೆ ಈ ಮಗಳು ಬಿಡಿಸಲಾಗದ ಒಗಟಾಗಿದ್ದಳು.

ಅವಳ ಬಾಲ್ಯದ ದಿನಚರಿಯ ಒಂದು ಪುಟ ಈ ಶಿಕ್ಷಣ ಹೇಗಿತ್ತೆಂಬುದನ್ನು ಹತ್ತಿರದಿಂದ ತೋರಿಸುತ್ತದೆ. 1843ರಲ್ಲಿ ಬ್ರಾನ್ಸನ್ ಮತ್ತು ಅವನ ಇಂಗ್ಲಿಷ್ ಸ್ನೇಹಿತ ಚಾರ್ಲ್ಸ್ ಲೇನ್ ಸೇರಿ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಎಂಬ ಹಳ್ಳಿಯ ಬಳಿ ಫ್ರೂಟ್‌ಲ್ಯಾಂಡ್ಸ್ ಎಂಬ ಆಶ್ರಮದಂಥ ವಸಾಹತನ್ನು ಹೂಡಿದರು. ಮಾಂಸ, ಹಾಲು, ಬೆಣ್ಣೆ ಅಲ್ಲಿ ನಿಷಿದ್ಧ, ಗುಲಾಮರ ದುಡಿಮೆಯಿಂದ ಬಂದ ಹತ್ತಿಯ ಬಟ್ಟೆಯೂ ನಿಷಿದ್ಧ. ಅಲ್ಲಿ ಲೇನ್ ಮಕ್ಕಳಿಗೆ ಸಂವಾದ ಕ್ರಮದ ಪಾಠ ಹೇಳುತ್ತಿದ್ದನು. ಯಾವ ದುರ್ಗುಣಗಳನ್ನು ಬಿಡಬೇಕೆಂದಿದ್ದೀಯೆ ಎಂಬ ಪ್ರಶ್ನೆಗೆ ಆ ಎಳೆಯ ಹುಡುಗಿ ಕೊಟ್ಟ ಉತ್ತರದಲ್ಲಿ ಸೋಮಾರಿತನ, ಸ್ವಾರ್ಥ, ಹಟಮಾರಿತನ, ಅಹಂಕಾರಗಳ ಸಾಲಿನಲ್ಲಿ ಬೆಕ್ಕುಗಳ ಮೇಲಿನ ಪ್ರೀತಿಯೂ ಸೇರಿಕೊಂಡಿದೆ. ಮಗುವಿನ ಆತ್ಮಪರೀಕ್ಷೆಯನ್ನು ಅಷ್ಟು ದೂರ ಒಯ್ಯುವ ಶಿಕ್ಷಣದಲ್ಲಿ ಎಲ್ಲಿಯೋ ಅತಿರೇಕವಿತ್ತು ಎಂಬುದನ್ನು ಹೇಳಲು ಬೇರೆ ಸಾಕ್ಷ್ಯ ಬೇಕಿಲ್ಲ. ಫ್ರೂಟ್‌ಲ್ಯಾಂಡ್ಸ್ ಏಳು ತಿಂಗಳಲ್ಲಿ, ಚಳಿಗಾಲದ ನಡುವೆ ಕುಸಿಯಿತು. ಉಳುವವರು ಕಡಿಮೆ, ಮಾತನಾಡುವವರು ಹೆಚ್ಚಾಗಿದ್ದ ಆ ಹೊಲದಲ್ಲಿ ದುಡಿಮೆಯ ಭಾರವೆಲ್ಲ ಬಿದ್ದದ್ದು ಲೂಯಿಸಾಳ ತಾಯಿ ಅಬಿಗೇಲಳ ಮೇಲೆ.

ಮುಂದಿನ ಇಪ್ಪತ್ತೈದು ವರ್ಷ ಈ ಕುಟುಂಬ ಸಾಲದಲ್ಲಿ, ಎಮರ್ಸನ್‌ನಂಥ ಗೆಳೆಯರ ನೆರವಿನಲ್ಲಿ, ಮನೆಯಿಂದ ಮನೆಗೆ ಬದಲಾಗುತ್ತಾ ಬದುಕಿತು. ತಂದೆ ಊರೂರು ತಿರುಗಿ ಸಂವಾದಗಳನ್ನು ನಡೆಸಿ ಅಷ್ಟಿಷ್ಟು ಸಂಪಾದಿಸಿದನು. 1859ರಿಂದ ಕೆಲವು ವರ್ಷ ಕಾಂಕರ್ಡ್ ಊರಿನ ಶಾಲೆಗಳ ಮೇಲ್ವಿಚಾರಕನಾದನು, ಆದರೆ ಆ ಹುದ್ದೆಯ ಸಂಬಳ ವರ್ಷಕ್ಕೆ 100 ಡಾಲರ್ ಮಾತ್ರ. ಮನೆ ನಡೆದದ್ದು ಹೆಂಗಸರ ದುಡಿಮೆಯಿಂದ. ಲೂಯಿಸಾ ಹೊಲಿದಳು, ಪಾಠ ಹೇಳಿದಳು, ಮನೆಗೆಲಸ ಮಾಡಿದಳು, ಪತ್ರಿಕೆಗಳಿಗೆ ಕಥೆ ಬರೆದಳು. ತಂದೆಯ ಮೇಲಿನ ಗೌರವವೂ ಅವನ ಅವ್ಯಾವಹಾರಿಕತೆಯ ಮೇಲಿನ ಅಸಮಾಧಾನವೂ ಅವಳಲ್ಲಿ ಒಟ್ಟಿಗೆ ಬೆಳೆದವು. ಅವಳ ಪುಸ್ತಕಗಳಲ್ಲಿ ತಂದೆ ಕಾಣಿಸಿಕೊಳ್ಳುವ ವಿಚಿತ್ರ ರೀತಿಗೆ ಈ ಎರಡು ಭಾವಗಳ ಜೊತೆಯಾಟವೇ ಕಾರಣವೆಂದು ತೋರುತ್ತದೆ.

1868 ಮತ್ತು 1869ರಲ್ಲಿ ಎರಡು ಭಾಗಗಳಾಗಿ ಬಂದ ‘ಲಿಟಲ್ ವುಮೆನ್’ ಆಲ್ಕಾಟ್ ಕುಟುಂಬದ ಕಥೆಯೆಂಬುದು ಎಲ್ಲರಿಗೂ ಗೊತ್ತು. ನಾಲ್ವರು ಸಹೋದರಿಯರಲ್ಲಿ ಜೋ ಎಂಬ ಹುಡುಗಿ ಲೂಯಿಸಾ ತಾನೇ. ಮಾರ್ಮಿ ಎಂಬ ತಾಯಿ ಅಬಿಗೇಲ್. ಆದರೆ ತಂದೆ ಮಿಸ್ಟರ್ ಮಾರ್ಚ್ ಮೊದಲ ಭಾಗದ ಬಹುಪಾಲು ಕಥೆಯಲ್ಲಿ ಇಲ್ಲವೇ ಇಲ್ಲ. ಅಂತರ್ಯುದ್ಧದ ಸೈನ್ಯದಲ್ಲಿ ಪಾದ್ರಿಯಾಗಿ ದೂರ ಹೋಗಿರುತ್ತಾನೆ, ಕಾಯಿಲೆ ಬಿದ್ದಾಗ ಅವನನ್ನು ಆರೈಕೆ ಮಾಡಲು ತಾಯಿ ವಾಷಿಂಗ್ಟನ್ನಿಗೆ ಧಾವಿಸುತ್ತಾಳೆ. ನಿಜ ಜೀವನದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಯುದ್ಧದ ದಾದಿಯಾಗಿ ವಾಷಿಂಗ್ಟನ್ನಿಗೆ ಹೋದವಳು ಲೂಯಿಸಾ. 1863ರ ಜನವರಿಯಲ್ಲಿ ಅಲ್ಲಿ ಟೈಫಾಯಿಡ್ ಜ್ವರದಿಂದ ಮಲಗಿದ್ದ ಅವಳನ್ನು ಮನೆಗೆ ಕರೆತಂದವನು ಬ್ರಾನ್ಸನ್. ಬದುಕಿನಲ್ಲಿ ಮನೆಯವರೆಲ್ಲರ ಚಿಂತೆಗೆ ಕಾರಣವಾದ ತಂದೆಯನ್ನು ಕಾದಂಬರಿಗಾರ್ತಿ ಗೌರವಯುತವಾಗಿ ಮನೆಯಿಂದ ಆಚೆಗೆ ಕಳುಹಿಸಿದಳು ಎಂದರೆ ಕಟುವೆನಿಸಬಹುದು, ಆದರೆ ಪುಸ್ತಕ ಹೇಳುವುದು ಅದನ್ನೇ. ಮರಳಿ ಬಂದ ಮಿಸ್ಟರ್ ಮಾರ್ಚ್ ಕೂಡ ಗ್ರಂಥಗಳ ನಡುವೆ ಕುಳಿತ ಮಸುಕು ಆಕೃತಿಯಾಗಿಯೇ ಉಳಿಯುತ್ತಾನೆ.

ಒಂದು ಕಡೆ ಮಾತ್ರ ಆ ಮಸುಕು ತಿಳಿಯಾಗುತ್ತದೆ, ಮತ್ತು ಅದು ಅವನು ಉಪಾಧ್ಯಾಯನಾಗುವ ಕಡೆ. ‘ಲಿಟಲ್ ವುಮೆನ್’ನ ಕೊನೆಯ ಭಾಗದಲ್ಲಿ ಹಿರಿಯ ಮಗಳು ಮೆಗ್‌ಳ ಅವಳಿ ಮಕ್ಕಳಲ್ಲಿ ಒಬ್ಬನಾದ ಡೆಮಿಗೆ ಅಜ್ಜನು ತನ್ನ ಕೈಕಾಲುಗಳಿಂದ ಅಕ್ಷರಗಳನ್ನು ಮಾಡಿ ತೋರಿಸುತ್ತಾನೆ, ಬ್ರಾನ್ಸನ್ ತನ್ನ ಮಕ್ಕಳಿಗೆ ಮಾಡಿದ್ದೇ ಇದು. ತನ್ನ ಕಾಲುಗಳು ಓಡಾಡುವುದು ಹೇಗೆಂದು ಮಗು ಕೇಳಿದಾಗ, ಗಡಿಯಾರದೊಳಗಿನ ಸುರುಳಿ ಚಕ್ರಗಳನ್ನು ನಡೆಸುವಂತೆ ಒಳಗಿನ ಮನಸ್ಸು ದೇಹವನ್ನು ನಡೆಸುತ್ತದೆಯೆಂದು ಅಜ್ಜ ವಿವರಿಸುತ್ತಾನೆ. ಹಾಗಾದರೆ ತನ್ನನ್ನು ತೆರೆದು ತೋರಿಸು ಎಂದು ಮಗು ಹಟ ಹಿಡಿಯುತ್ತದೆ. ಇಷ್ಟೆಲ್ಲ ಉಪದೇಶದ ಬಳಿಕ ನಿನ್ನ ಮನಸ್ಸು ಎಲ್ಲಿದೆ ಎಂದು ಅಜ್ಜ ಕೇಳಿದರೆ ಡೆಮಿ ತಡಮಾಡದೆ ಹೊಟ್ಟೆಯಲ್ಲಿ ಎಂದುಬಿಡುತ್ತಾನೆ, ಅಜ್ಜನೂ ನಕ್ಕು ತತ್ತ್ವಶಾಸ್ತ್ರದ ಆ ತರಗತಿಯನ್ನು ಮುಗಿಸುತ್ತಾನೆ. ಟೆಂಪಲ್ ಸ್ಕೂಲಿನ ಸಂವಾದಗಳ ರೀತಿಯನ್ನು ಬಲ್ಲವರಿಗೆ ಈ ದೃಶ್ಯದ ಸೊಗಸು ಇಮ್ಮಡಿಯಾಗಿ ಕಾಣುತ್ತದೆ. ಪದ್ಧತಿ ಅದೇ, ಪ್ರಶ್ನೆಗಳ ಗತ್ತು ಅದೇ. ಬಾಸ್ಟನ್ನಿನವರು ಕೋಪಿಸಿಕೊಂಡ ಕಡೆ ಮಗಳು ನಗುತ್ತಾಳೆ, ಮತ್ತು ಅಜ್ಜನನ್ನೂ ನಗಿಸುತ್ತಾಳೆ.

ಕಾದಂಬರಿಯ ಕೊನೆಯಲ್ಲಿ ಜೋ ತನ್ನ ಮಾರ್ಚ್ ಅತ್ತೆಯಿಂದ ಬಂದ ಪ್ಲಮ್‌ಫೀಲ್ಡ್ ಎಂಬ ದೊಡ್ಡ ಮನೆಯಲ್ಲಿ ಗಂಡ ಪ್ರೊಫೆಸರ್ ಬೇಯರ್‌ನೊಡನೆ ಹುಡುಗರ ಶಾಲೆಯನ್ನು ತೆರೆಯುತ್ತಾಳೆ. ಅಲ್ಲಿ ಸೇರಿದ ಮಕ್ಕಳನ್ನು ವರ್ಣಿಸುವಾಗ ಲೇಖಕಿ ಕರಿಯ ಮತ್ತು ಬಿಳಿಯ ರಕ್ತ ಬೆರೆತ ಒಬ್ಬ ಹುಡುಗನನ್ನು ಹೆಸರಿಸದೆ ಉಲ್ಲೇಖಿಸುತ್ತಾಳೆ. ಬೇರೆಲ್ಲೂ ಪ್ರವೇಶ ಸಿಗದ ಅವನನ್ನು ಸೇರಿಸಿಕೊಂಡರೆ ಶಾಲೆ ಹಾಳಾಗುತ್ತದೆಯೆಂದು ಕೆಲವರು ಭವಿಷ್ಯ ನುಡಿದರೂ ಅಲ್ಲಿ ಅವನಿಗೆ ಸ್ವಾಗತ ದೊರೆಯಿತು ಎಂಬುದು ಆ ಮಾತಿನ ಸಾರಾಂಶ. ಓದುಗರು ಗಮನಿಸದೆ ದಾಟಿಹೋಗುವಂಥ ಅರ್ಧ ವಾಕ್ಯ ಅದು. 1839ರಲ್ಲಿ ಅಂಥದೇ ಪ್ರವೇಶದಿಂದ ಒಂದು ಶಾಲೆ ನಿಜವಾಗಿಯೂ ಮುಚ್ಚಿತ್ತು, ಆಗ ಲೇಖಕಿಗೆ ಆರು ವರ್ಷ. ಕಾದಂಬರಿಯಲ್ಲಿ ಶಾಲೆ ಮುಚ್ಚಲಿಲ್ಲ.

‘ಲಿಟಲ್ ಮೆನ್’ ಬರೆಯುವ ಸಂದರ್ಭ ಬಂದದ್ದು ಒಂದು ಸಾವಿನಿಂದ. 1870ರ ಕೊನೆಯಲ್ಲಿ ಲೂಯಿಸಾ ಯುರೋಪ್ ಪ್ರವಾಸದಲ್ಲಿದ್ದಾಗ ಅಕ್ಕ ಆನಾಳ ಗಂಡ ಜಾನ್ ಪ್ರ್ಯಾಟ್ ತೀರಿಕೊಂಡನು. ಅಕ್ಕನ ಇಬ್ಬರು ಗಂಡುಮಕ್ಕಳ ಭವಿಷ್ಯಕ್ಕೆ ಹಣ ಒದಗಿಸಬೇಕೆಂದು ಅವಳು ರೋಮ್ ನಗರದಲ್ಲಿ ಕುಳಿತು ಈ ಕಾದಂಬರಿಯನ್ನು ಬರೆದಳು. ಅದರೊಳಗೆ ಡೆಮಿಯ ತಂದೆ ತೀರಿಕೊಳ್ಳುವ ಅಧ್ಯಾಯವೂ ಸೇರಿತು. ತಂದೆಯಿಲ್ಲದ ಇಬ್ಬರು ಹುಡುಗರಿಗಾಗಿ ಬರೆದ ಪುಸ್ತಕದಲ್ಲಿ ಒಳ್ಳೆಯ ಉಪಾಧ್ಯಾಯನೊಬ್ಬನನ್ನು ನಿಲ್ಲಿಸಬೇಕಾದಾಗ ಅವಳ ಮನಸ್ಸು ಹೋದದ್ದು ತನ್ನ ತಂದೆಯ ಹಳೆಯ ತರಗತಿಗೆ.

ಆ ಕಾದಂಬರಿಯ ನಾಲ್ಕನೆಯ ಅಧ್ಯಾಯದಲ್ಲಿ ಪಿಟೀಲು ಬಾರಿಸಿ ಬೀದಿಯಲ್ಲಿ ಬದುಕಿದ್ದ ನ್ಯಾಟ್ ಎಂಬ ಅನಾಥ ಹುಡುಗನಿಗೆ ಹೆದರಿಕೆಯಿಂದ ಸುಳ್ಳು ಹೇಳುವ ಚಾಳಿಯಿದೆ. ಎಷ್ಟು ಬುದ್ಧಿ ಹೇಳಿದರೂ ಅದು ಬಿಡದಿದ್ದಾಗ ಬೇಯರ್ ಅವನೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ: ಇನ್ನೊಮ್ಮೆ ಸುಳ್ಳು ಹೇಳಿದರೆ ಶಿಕ್ಷೆ ನ್ಯಾಟ್‌ಗೆ ಅಲ್ಲ, ನ್ಯಾಟ್ ಕೈಯಿಂದ ಉಪಾಧ್ಯಾಯನಿಗೆ. ಹುಡುಗ ಕೆಲವು ದಿನ ಎಚ್ಚರದಿಂದಿದ್ದು ಆಮೇಲೆ ಜಾರುತ್ತಾನೆ. ಬೇಯರ್ ಅವನನ್ನು ಶಾಲಾಕೋಣೆಗೆ ಕರೆದೊಯ್ದು, ಮೇಜಿನಿಂದ ಕೋಲು ತೆಗೆದುಕೊಟ್ಟು, ತನ್ನ ಅಂಗೈ ಚಾಚಿ ನಿಲ್ಲುತ್ತಾನೆ. ನ್ಯಾಟ್ ಗೋಗರೆಯುತ್ತಾನೆ; ಕೊಟ್ಟ ಮಾತು ಮುರಿಯುವಂತಿಲ್ಲವೆಂದು ಉತ್ತರ ಬರುತ್ತದೆ. ಕಣ್ಣು ಮಂಜಾಗಿ ಮೆಲ್ಲಗೆ ಬಿದ್ದ ಏಟುಗಳನ್ನು ಉಪಾಧ್ಯಾಯ ಒಪ್ಪುವುದಿಲ್ಲ, ಇನ್ನೂ ಬಲವಾಗಿ ಎನ್ನುತ್ತಾನೆ. ಕೊನೆಗೆ ಹುಡುಗ ಕೋಲನ್ನು ಬಿಸುಟು, ತಾನು ಹೊಡೆದ ಆ ಕೈಯನ್ನೇ ಹಿಡಿದುಕೊಂಡು ಅಳುತ್ತಾನೆ. ಇದು ಪೀಬಡಿ ದಾಖಲಿಸಿದ ತರಗತಿಯ ಘಟನೆಯ ನೇರ ಮರುಹುಟ್ಟು. ಮಗಳು ಸೇರಿಸಿದ್ದು ಒಬ್ಬ ನಿರ್ದಿಷ್ಟ ಹುಡುಗನ ಹೆದರಿಕೆಯನ್ನು ಮತ್ತು ಕಿಟಕಿಯಲ್ಲಿ ಇಣುಕಿ ನೋಡಿ ಶಾಲೆಗೆಲ್ಲ ಸುದ್ದಿ ಮುಟ್ಟಿಸುವ ಟಾಮಿ ಎಂಬ ತುಂಟನನ್ನು.

ಈ ಶಿಕ್ಷೆಯನ್ನು ಇಂದಿನ ಶಿಕ್ಷಣ ಚಿಂತಕರು ಒಪ್ಪಬೇಕೆಂದಿಲ್ಲ. ಮಗುವಿನ ಪ್ರೀತಿಯನ್ನೇ ಹಿಡಿದು ಅದರ ಮೇಲೆ ಪಾಪಪ್ರಜ್ಞೆಯ ಭಾರ ಹೊರಿಸುವುದು ಬೆತ್ತದ ಏಟಿಗಿಂತ ಹೆಚ್ಚು ದಯೆಯುಳ್ಳದ್ದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆಕ್ಕಿನ ಪ್ರೀತಿಯನ್ನು ದುರ್ಗುಣಗಳ ಪಟ್ಟಿಗೆ ಸೇರಿಸಿದ ಆ ಹುಡುಗಿಗೆ ಇದರ ಉತ್ತರ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರಬೇಕು. ಆದುದರಿಂದಲೇ ಪ್ಲಮ್‌ಫೀಲ್ಡಿನಲ್ಲಿ ಅವಳು ತಂದೆಯ ಪದ್ಧತಿಯನ್ನು ಇದ್ದಂತೆಯೇ ಇಡಲಿಲ್ಲ. ಆತ್ಮಪರೀಕ್ಷೆ ಅಲ್ಲಿಯೂ ಇದೆ. ಜೋ ಪ್ರತಿ ಹುಡುಗನಿಗೂ ಒಂದೊಂದು ಪುಟ ಇಟ್ಟು ವಾರದ ನಡತೆಯನ್ನು ಬರೆದು, ಭಾನುವಾರ ಸಂಜೆ ಅವನೊಬ್ಬನಿಗೇ ತೋರಿಸುತ್ತಾಳೆ. ಆದರೆ ಅದರ ಪಕ್ಕದಲ್ಲಿ ದಿಂಬಿನ ಕಾಳಗವಿದೆ, ಹೊಟ್ಟೆ ತುಂಬ ಊಟವಿದೆ, ಹಾಲೂ ಬೆಣ್ಣೆಯೂ ಇವೆ, ಟಾಮಿ ತನ್ನ ಕೋಳಿಗಳ ಮೊಟ್ಟೆಯನ್ನು ಶಾಲೆಗೇ ಮಾರಿ ಕಾಸು ಮಾಡುವ ವ್ಯವಹಾರ ಜ್ಞಾನವಿದೆ. ಪ್ರತಿ ಮಗುವಿಗೂ ತನ್ನದೇ ಒಂದು ತುಂಡು ತೋಟವಿದೆ, ಮತ್ತು ಫ್ರೂಟ್‌ಲ್ಯಾಂಡ್ಸ್‌ನಂತಲ್ಲದೆ ಆ ತೋಟದಲ್ಲಿ ಬೆಳೆಯೂ ಬರುತ್ತದೆ. ಮುಖ್ಯವಾಗಿ, ಜೋಗೆ ಇರುವ ಸಿಡುಕು ಸ್ವಭಾವ ಅಲ್ಲಿ ದೋಷವಲ್ಲ. ಡ್ಯಾನ್ ಎಂಬ ಪುಂಡ ಹುಡುಗನನ್ನು ಎಲ್ಲರೂ ಕೈಬಿಟ್ಟಾಗ ಅವನನ್ನು ಅರ್ಥಮಾಡಿಕೊಳ್ಳುವವಳು ಶಾಂತಮೂರ್ತಿಯಾದ ಬೇಯರ್‌ಗಿಂತ ಹೆಚ್ಚಾಗಿ, ತಾನೂ ಒಂದು ಕಾಲಕ್ಕೆ ಹಾಗೆಯೇ ಇದ್ದ ಜೋ.

ಹೀಗೆ ಒಬ್ಬ ತಂದೆ ಮಗಳ ಬರಹದಲ್ಲಿ ಹಲವು ಪಾತ್ರಗಳಾಗಿ ಹಂಚಿಹೋದನು. ಜ್ಞಾನಿ ಮಿಸ್ಟರ್ ಮಾರ್ಚ್ ಆದನು. ಲೋಕಜ್ಞಾನವಿಲ್ಲದ ಆದರ್ಶವಾದಿಯ ಪಾಲನ್ನು ಲೂಯಿಸಾ 1873ರಲ್ಲಿ ‘ಟ್ರಾನ್ಸೆಂಡೆಂಟಲ್ ವೈಲ್ಡ್ ಓಟ್ಸ್’ ಎಂಬ ಬರಹದಲ್ಲಿ ತೀರಿಸಿದಳು. ಫ್ರೂಟ್‌ಲ್ಯಾಂಡ್ಸ್ ಪ್ರಸಂಗವನ್ನು ಹೆಸರು ಬದಲಿಸಿ ಹೇಳುವ ಆ ವಿಡಂಬನೆಯಲ್ಲಿ ನಗುವೂ ಗಾಯವೂ ಒಂದೇ ಸಾಲಿನಲ್ಲಿವೆ. ಉಪಾಧ್ಯಾಯ ಮಾತ್ರ ಬೇಯರ್‌ಗೆ ಸಂದನು. ಬೇಯರ್ ಜರ್ಮನ್ ಮೂಲದವನು, ಗಡ್ಡಧಾರಿ, ದಪ್ಪ ಮೈಕಟ್ಟಿನವನು, ದುಡಿದು ತಿನ್ನುವವನು. ಹೊರನೋಟಕ್ಕೆ ಬ್ರಾನ್ಸನ್ನನ ಯಾವ ಹೋಲಿಕೆಯೂ ಅವನಲ್ಲಿಲ್ಲ. ಅವನ ಹಿಂದೆ ಎಮರ್ಸನ್ ಇದ್ದಾನೆ, ಥೋರೋ ಇದ್ದಾನೆ, ಲೇಖಕಿ ಬಹುವಾಗಿ ಮೆಚ್ಚಿದ್ದ ಗಯಟೆಯ ಜರ್ಮನಿ ಇದೆ ಎಂದು ವಿಮರ್ಶಕರು ಬೇರೆ ಬೇರೆ ಮೂಲಗಳನ್ನು ಸೂಚಿಸಿದ್ದಾರೆ. ರೂಪ ಯಾರದೇ ಇರಲಿ, ತರಗತಿಯೊಳಗೆ ಅವನು ಆಡುವ ಮಾತು ಮತ್ತು ಚಾಚುವ ಕೈ ಬ್ರಾನ್ಸನ್ನನವು.

ಪುಸ್ತಕದ ಯಶಸ್ಸು ದೊಡ್ಡದಾಗಿತ್ತು. ಬಿಡುಗಡೆಗೆ ಮೊದಲೇ 50,000 ಪ್ರತಿಗಳು ಮಾರಾಟವಾಗಿದ್ದವೆಂದು ಲೂಯಿಸಾ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. 1871ರ ಜೂನ್‌ನಲ್ಲಿ ಅವಳು ಯುರೋಪಿನಿಂದ ಮರಳಿದಾಗ ಎದುರುಗೊಳ್ಳಲು ಪ್ರಕಾಶಕ ಥಾಮಸ್ ನೈಲ್ಸನೊಡನೆ ಬ್ರಾನ್ಸನ್ನನೂ ಬಂದಿದ್ದನು. ಅವರು ತಂದ ಗಾಡಿಯೊಳಗೆ ‘ಲಿಟಲ್ ಮೆನ್’ನ ದೊಡ್ಡ ಕೆಂಪು ಜಾಹೀರಾತು ಫಲಕವನ್ನು ತೂಗುಹಾಕಲಾಗಿತ್ತು. ಟೆಂಪಲ್ ಸ್ಕೂಲ್ ಮುಚ್ಚಿದ ಬಾಸ್ಟನ್ನಿನಲ್ಲೇ ಆ ಶಾಲೆಯ ಪಾಠಕ್ರಮ ಜಾಹೀರಾತಿನ ವಸ್ತುವಾಗಿತ್ತು.

ಮೂರು ವರ್ಷಗಳ ನಂತರ, 1874ರಲ್ಲಿ, ರಾಬರ್ಟ್ಸ್ ಬ್ರದರ್ಸ್ ಸಂಸ್ಥೆ ಪೀಬಡಿಯ ಹಳೆಯ ಪುಸ್ತಕವನ್ನು ಮರುಮುದ್ರಿಸಿತು. ಪ್ಲಮ್‌ಫೀಲ್ಡನ್ನು ಮೆಚ್ಚಿದ ಓದುಗರಿಗೆ ಅದರ ಅಸಲು ಶಾಲೆಯನ್ನು ಪರಿಚಯಿಸುವುದು ಅದರ ಉದ್ದೇಶಗಳಲ್ಲಿ ಒಂದು. ಆ ಮುದ್ರಣಕ್ಕೆ ಬರೆದ ಮಾತಿನಲ್ಲಿ ಲೂಯಿಸಾ, ತನ್ನ ಕಥೆಯಲ್ಲಿರುವುದು ಆ ಪದ್ಧತಿಯ ಅಪೂರ್ಣ ಸೂಚನೆಗಳು ಮಾತ್ರ, ಇನ್ನೊಬ್ಬರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ತಾನು ಸ್ವೀಕರಿಸಲಾರೆ ಎಂಬ ಅರ್ಥದ ಮಾತನ್ನು ಹೇಳಿದ್ದಾಳೆ. ತಂದೆಯ ಅವ್ಯಾವಹಾರಿಕತೆಯನ್ನು ವರ್ಷದ ಹಿಂದಷ್ಟೇ ಗೇಲಿ ಮಾಡಿದ್ದ ಮಗಳು ಅವನ ಉಪಾಧ್ಯಾಯತನದ ಋಣವನ್ನು ಸಾರ್ವಜನಿಕವಾಗಿ ಒಪ್ಪಿಕೊಂಡದ್ದು ಹೀಗೆ. ಬ್ರಾನ್ಸನ್ನನಿಗೆ ಅವನ ಕೊನೆಗಾಲದಲ್ಲಿ ಸಮಾಧಾನದ ದಿನಗಳೂ ಬಂದವು; 1879ರಲ್ಲಿ ಕಾಂಕರ್ಡ್‌ನ ಆರ್ಚರ್ಡ್ ಹೌಸ್ ಎಂಬ ತನ್ನ ಮನೆಯಲ್ಲಿ ವಯಸ್ಕರಿಗಾಗಿ ಬೇಸಿಗೆಯ ತತ್ತ್ವಶಾಸ್ತ್ರ ಶಾಲೆಯನ್ನು ಅವನು ಆರಂಭಿಸಿದನು, ಮತ್ತು ಅದು ಅವನ ಹಿಂದಿನ ಯಾವ ಶಾಲೆಗಿಂತಲೂ ಹೆಚ್ಚು ಕಾಲ ನಡೆಯಿತು. 1888ರ ಮಾರ್ಚ್ 4ರಂದು ಅವನು ತೀರಿಕೊಂಡನು. ಮಾರ್ಚ್ 6ರಂದು ಲೂಯಿಸಾ ತೀರಿಕೊಂಡಳು. ಅದಕ್ಕೆ ಎರಡು ವರ್ಷ ಮೊದಲು ಬಂದಿದ್ದ ‘ಜೋಸ್ ಬಾಯ್ಸ್’ ಎಂಬ ಕೊನೆಯ ಕಾದಂಬರಿಯಲ್ಲಿ ಪ್ಲಮ್‌ಫೀಲ್ಡ್ ಹೆಣ್ಣುಮಕ್ಕಳಿಗೂ ತೆರೆದ ಕಾಲೇಜಾಗಿ ಬೆಳೆದಿರುತ್ತದೆ.

ಆಲ್ಕಾಟ್ ಕುಟುಂಬವನ್ನು ‘ಲಿಟಲ್ ವುಮೆನ್’ನಿಂದ, ಅಥವಾ ಅದನ್ನು ಆಧರಿಸಿದ ಚಲನಚಿತ್ರಗಳಿಂದ ಮಾತ್ರ ಬಲ್ಲವರಿಗೆ ಬ್ರಾನ್ಸನ್ ಆಲ್ಕಾಟ್ ಮನೆಯ ಮೂಲೆಯಲ್ಲಿ ಕುಳಿತ ಮುದುಕನಾಗಿಯೇ ಉಳಿಯುತ್ತಾನೆ. ಅವನನ್ನು ಕಾಣಬೇಕಾದವರು ‘ಲಿಟಲ್ ಮೆನ್’ನ ನಾಲ್ಕನೆಯ ಅಧ್ಯಾಯವನ್ನು ಓದಿ, ಆ ಬಳಿಕ ಪೀಬಡಿಯ ಪುಸ್ತಕವನ್ನು ತೆರೆಯಬೇಕು. ಎರಡಕ್ಕೂ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಯಾರು ಬೇಕಾದರೂ ಓದಬಹುದು, ಕನ್ನಡಕ್ಕೆ ತರಲು ಮನಸ್ಸುಳ್ಳವರು ತರಬಹುದು.